ಬಿಸಿಲಿನಲ್ಲಿ ಬಾಡಿಗೆದಾರನ ಪಾಲು

ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ತಾರಸಿಯನ್ನೇರಿದವರಿಗೆ ಕಾಣುವುದು ಸಿಂಟೆಕ್ಸ್ ತೊಟ್ಟಿಗಳು, ಬಟ್ಟೆ ಒಣಹಾಕುವ ತಂತಿಗಳು, ತುಕ್ಕು ಹಿಡಿದ ಡಿಶ್ ಆಂಟೆನಾಗಳು, ಇವೆಲ್ಲದರ ಮೇಲೆ ದಿನವಿಡೀ ವ್ಯರ್ಥವಾಗಿ ಸುರಿಯುವ ಬಿಸಿಲು. ಅದೂ ಬಾಗಿಲಿನ ಬೀಗದಕೈ ಮಾಲೀಕರಿಂದ ದೊರೆತರೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು ತಾರಸಿಯ ಮೇಲಿನ ಮೂರು ಕಿಲೋವ್ಯಾಟ್ ಸೌರ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ನೀಡುವುದು ಸ್ತುತ್ಯವೇ ಆದರೂ, ಸ್ವಂತ ತಾರಸಿಯಿಲ್ಲದ ಬಾಡಿಗೆ ಮನೆಯವನಿಗೆ ಅದು ಕನ್ನಡಿಯೊಳಗಿನ ಗಂಟೇ ಸರಿ.

ಇದಕ್ಕೆ ಪರಿಹಾರವು ಅಜ್ಞಾತವಾದುದೇನಲ್ಲ. ಒಂದೆಡೆ ಉತ್ಪಾದಿಸಿದ ಸೌರವಿದ್ಯುತ್ತನ್ನು ಜಾಲಕ್ಕೆ ಹರಿಸಿ, ಅದರ ಯೂನಿಟ್ಟುಗಳನ್ನು ಪಾಲುದಾರರ ಬಿಲ್ಲುಗಳಲ್ಲಿ ಅವರವರ ಅಂಶಾನುಸಾರವಾಗಿ ವಜಾ ಮಾಡುವ ವರ್ಚುವಲ್ ನೆಟ್ ಮೀಟರಿಂಗ್ ಪದ್ಧತಿಗೆ ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗವು 2019ರಲ್ಲಿಯೇ ಮಾರ್ಗಸೂಚಿಯನ್ನು ರಚಿಸಿತು. ಸುಮಾರು ನೂರು ಚದರಡಿಯಲ್ಲಿ ನಿಲ್ಲುವ ಒಂದು ಕಿಲೋವ್ಯಾಟ್ ಘಟಕವು ನಿರ್ಮಲವಾದ ದಿನಗಳಲ್ಲಿ ನಾಲ್ಕು ಯೂನಿಟ್ಟಿನಷ್ಟು ಕೊಡುವುದರಿಂದ, ಶಾಲೆಯದೋ ಕಲ್ಯಾಣಮಂಟಪದ್ದೋ ಆದ ವಿಶಾಲ ತಾರಸಿಯೊಂದು ಬೀದಿಯ ಹಲವು ಮನೆಗಳಿಗೆ ಆಧಾರವಾಗಬಲ್ಲುದು.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿರುವಾಗ ಸೌರಫಲಕದ ಗೊಡವೆ ಯಾರಿಗೆ ಬೇಕೆಂಬ ಪ್ರಶ್ನೆ ಏಳುವುದು ಸಹಜ. ಆದರೆ ಆ ಉಚಿತದ ಹೊರೆಯನ್ನು ರಾಜ್ಯದ ಬೊಕ್ಕಸವೇ ಹೊರುತ್ತಿದೆಯಲ್ಲವೆ? ಅದರ ಒಂದಂಶವನ್ನು ಇಂತಹ ಸಾಮೂಹಿಕ ಘಟಕಗಳಲ್ಲಿ ತೊಡಗಿಸಿದರೆ, ಬಡವನ ದೀಪವೂ ಆರದು, ವರ್ಷ ವರ್ಷದ ವೆಚ್ಚವೂ ಕ್ರಮೇಣ ಇಳಿದೀತು.

ಸರ್ಕಾರವೂ ನಗರಕ್ಕೆ ವಿದ್ಯುತ್ ಪೂರೈಸುವ ಬೆಸ್ಕಾಂ ಸಂಸ್ಥೆಯೂ ಈ ಕಾರ್ಯವನ್ನು ನಗರದ ಸರ್ಕಾರಿ ಶಾಲೆಗಳ ತಾರಸಿಗಳಿಂದಲೇ ವ್ಯಾಪಕವಾಗಿ ಕೈಗೊಳ್ಳಲಿ. ಬಾಡಿಗೆದಾರನು ಮನೆ ಬದಲಿಸಿದಾಗ ಅವನ ಪಾಲು ಹೊಸ ಮೀಟರಿಗೆ ವರ್ಗವಾಗುವ ಏರ್ಪಾಡೂ ಮೊದಲ ದಿನದಿಂದಲೇ ಇರಲಿ.