ಕೈಯಾಗ ಒಂದು... ಎಷ್ಟು ಒಂದು?

ಹೋದ ವಾರ ಊರಿಗೆ, ಅಂದರೆ ಯಲಬುರ್ಗಾಕ್ಕೆ ಹೋಗಿದ್ದೆ. ಮೂರನೇ ಕ್ಲಾಸಿನ ಅಕ್ಕನ ಮಗಳು ಪಾಟಿ ತಂದು "ಮಾಮಾ, ಬರೋಬ್ಬರಿ ಐತಿಲ್ಲ ನೋಡು" ಅಂದಳು. 47ಕ್ಕೆ 38 ಕೂಡಿಸಿ 715 ಬರೆದಿದ್ದಳು!

ಮೊದಲು ನಗು ಬಂತು. ಆಮೇಲೆ ನೋಡಿದರೆ 7 ಮತ್ತು 8 ಸೇರಿ 15, 4 ಮತ್ತು 3 ಸೇರಿ 7, ಎರಡೂ ಸರಿಯೇ. ತಪ್ಪಿದ್ದು ಸ್ಥಾನಬೆಲೆ. "ಐದು ಬರಿ, ಕೈಯಾಗ ಒಂದು" ಅಂತ ನಮ್ಮ ಕಾಲದಿಂದಲೂ ಹೇಳಿಕೊಡ್ತಾರೆ. ಆ ಒಂದು ಅಂದ್ರೆ ಒಂದು ಹತ್ತು ಅಂತ ನನಗಂತೂ ಯಾರೂ ಹೇಳಿರಲಿಲ್ಲ.

ಹತ್ತರ ನೋಟು, ಒಂದರ ನಾಣ್ಯ ಅವಳ ಮುಂದಿಟ್ಟೆ. ಕೂಡಿಸಿದಾಗ ನೋಟು ಏಳು, ನಾಣ್ಯ ಹದಿನೈದು. ತಾನೇ ಹತ್ತು ನಾಣ್ಯ ಕೊಟ್ಟು ಇನ್ನೊಂದು ನೋಟು ಕೇಳಿದಳು. 85!

ಇದೇನು ಹೊಸ ಉಪಾಯ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಕಿಟ್ಟಿನಲ್ಲಿ ಆಟದ ನೋಟು, ಮಣಿಚೌಕಟ್ಟು ಇವೆ. ಆದರೆ ಕಿಟ್ಟು ಕಪಾಟಿನಲ್ಲೇ ಇದ್ದರೆ? ಒಂದು ಶಾಲೆಯಲ್ಲಿ ಕೇಳಿದ್ದಕ್ಕೆ "ಕಳದ್ರ ಲೆಕ್ಕ ಕೊಡಬೇಕ್ರಿ" ಅಂದರು. ಸಾಮಾನಿನ ಲೆಕ್ಕಕ್ಕೆ ಹೆದರಿ ಮಕ್ಕಳ ಲೆಕ್ಕ ಬಿಡೋದಾ?

ಕಿಟ್ಟು ಇಲ್ಲದಿದ್ರೂ ನಡೆಯುತ್ತೆ. ಹತ್ತತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಸಾಕು. ನಲವತ್ತೇಳು ಅನ್ನೋ ನಮ್ಮ ಮಾತಿನಲ್ಲೇ ನಾಲ್ಕು ಹತ್ತು, ಮೇಲೆ ಏಳು ಇದೆಯಲ್ಲ! ಮಗ್ಗಿ ಬೇಡ ಅಂತಿಲ್ಲ. ಮೊದಲು ಹತ್ತು ಕೈಗೆ ಸಿಗಲಿ, ಬಾಯಿಪಾಠ ಆಮೇಲೆ.

ನಿಮಗೆ ಆ 'ಕೈಯಾಗಿನ ಒಂದು' ಯಾವಾಗ ಅರ್ಥವಾಯ್ತು, ಹೇಳ್ತೀರಾ?