ಗೃಹವಿಚಾರ: ಮರದ ಮೈಗೆ ತಕ್ಕ ಲೇಪ

ಹೊಸದಾಗಿ ಮನೆಯನ್ನು ಕಟ್ಟಿಸುವವರು ಗೋಡೆಗೆ ಬಳಿಯತಕ್ಕ ಬಣ್ಣವನ್ನು ಕುರಿತು ಹತ್ತು ದಿನ ಆಲೋಚಿಸುವರು. ನೆಲಕ್ಕೆ ಹಾಸತಕ್ಕ ಕಲ್ಲಿಗಾಗಿ ಇಪ್ಪತ್ತು ಅಂಗಡಿಗಳನ್ನು ಅಲೆಯುವರು. ಬಾಗಿಲು, ಕಿಟಕಿ, ಮೇಜು, ಮಂಚ, ತೊಟ್ಟಿಲು, ತೂಗುಮಣೆಗಳ ಮಾತು ಬಂದಾಗ ಮಾತ್ರ, "ಎಲ್ಲಕ್ಕೂ ಒಂದೇ ಪಾಲಿಷ್ ಹೊಡೆದುಬಿಡಿ, ಚೆನ್ನಾಗಿ ಹೊಳೆಯಲಿ" ಎಂದು ಬಡಗಿಗೆ ಹೇಳಿ ನಿಶ್ಚಿಂತರಾಗುವರು. ಗೃಹಪ್ರವೇಶದ ದಿನ ಎಲ್ಲವೂ ಕನ್ನಡಿಯಂತೆ ಹೊಳೆಯುವುದೂ ನಿಜವೆ. ಎರಡು ಮಳೆಗಾಲಗಳು ಕಳೆಯಲಿ. ತಲೆಬಾಗಿಲಿನ ಲೇಪವು ಹಾವಿನ ಪೊರೆಯಂತೆ ಸುಲಿಯತೊಡಗುವುದು, ಊಟದ ಮೇಜಿನ ಮೇಲೆ ಬಿಸಿ ಲೋಟದ ಗುರುತು ಬಿಳಿಯ ಬಳೆಯಂತೆ ಮೂಡುವುದು. ಆಗ ಕೆಲವರು ಮರವನ್ನು ಹಳಿಯುವರು, ಕೆಲವರು ಬಡಗಿಯನ್ನು ಹಳಿಯುವರು. ಹೊಳಪನ್ನೇ ರಕ್ಷಣೆಯೆಂದು ಎಣಿಸಿದ್ದರ ಫಲವಿದೆಂದು ತಿಳಿಯುವವರು ವಿರಳ.

ನಮ್ಮ ಹಿರಿಯರು ದಾನವನ್ನು ಕುರಿತು ಹೇಳುವಾಗ ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಿ ಕೊಡಬೇಕೆಂದು ವಿಧಿಸಿದರು. ಮರಕ್ಕೆ ಕೊಡುವ ಲೇಪಕ್ಕೂ ಈ ವಿವೇಕವೇ ಸಾಕೆಂದು ನಮ್ಮ ಅಭಿಪ್ರಾಯ. ಪಾತ್ರವೆಂದರೆ ಯಾವ ಮರ, ಯಾವ ಸಾಮಾನು, ಅದನ್ನು ಮುಟ್ಟುವವರು ಯಾರು ಎಂಬುದು. ದೇಶವೆಂದರೆ ಅದು ಇರುವ ಎಡೆ. ಕಾಲವೆಂದರೆ ಲೇಪ ಕೊಡುವ ಋತು ಮತ್ತು ಅದನ್ನು ಮರಳಿ ಹೊಸದು ಮಾಡುವ ಅವಧಿ. ಈ ಮೂರನ್ನು ವಿಚಾರಿಸಿದವರಿಗೆ ಅಂಗಡಿಯವನ ಮಾತಿನ ಹಂಗು ಬೇಕಾಗದು.

ಲೇಪದ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಮರವು ಕಡಿದು ಹಲಗೆಯಾದ ಮೇಲೂ ಗಾಳಿಯಲ್ಲಿರುವ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಆಷಾಢದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲು ಮಾಘದಲ್ಲಿ ತಾನಾಗಿಯೇ ಸಡಿಲವಾಗುವುದು ಇದರಿಂದಲೇ. ಯಾವ ಲೇಪವೂ ಈ ವ್ಯವಹಾರವನ್ನು ಪೂರ್ತಿಯಾಗಿ ತಡೆಯಲಾರದು, ನಿಧಾನಗೊಳಿಸಬಲ್ಲುದು, ಅಷ್ಟೆ. ಆದುದರಿಂದ ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ ಲೇಪವನ್ನು ಕೊಟ್ಟು ಹಿಂಬದಿಯನ್ನು ಬರಿದಾಗಿ ಬಿಟ್ಟರೆ, ಒಂದು ಮೈ ಬೇಗನೆಯೂ ಇನ್ನೊಂದು ಮೈ ತಡವಾಗಿಯೂ ತೇವವನ್ನು ಹೀರಿ ಹಲಗೆಯು ಸೊಟ್ಟಗಾಗುವುದು. ಅದರಲ್ಲಿಯೂ ಮರದ ಎಳೆಗಳು ಕೊನೆಗೊಳ್ಳುವ ಅಡ್ಡಕೊಯ್ತದ ತುದಿಗಳು, ಬತ್ತಿಯು ಎಣ್ಣೆಯನ್ನು ಹೀರುವಂತೆ ನೀರನ್ನು ಹೀರುವುವು. ಬಾಗಿಲಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಲೇಪ ಕೊಡಿಸುವವರು ಬಹಳ ಕಡಿಮೆ. ಬಾಗಿಲು ಕೊಳೆಯಲು ತೊಡಗುವುದು ಹೆಚ್ಚಾಗಿ ಆ ಕೆಳಗಿನ ಅಂಚಿನಿಂದಲೇ.

ಲೇಪಗಳಲ್ಲಿ ಎರಡು ಕುಲಗಳುಂಟು: ಮರದ ಒಳಕ್ಕೆ ಇಳಿಯುವುವು ಕೆಲವು, ಮೇಲೆ ಪೊರೆಗಟ್ಟಿ ನಿಲ್ಲುವುವು ಕೆಲವು. ಇಳಿಯುವುವುಗಳಲ್ಲಿ ಮುಖ್ಯವಾದುದು ಅಗಸೆಯೆಣ್ಣೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಯಾಗಿ ರೊಟ್ಟಿಯ ಜೊತೆಗೆ ಬರುವ ಅಗಸೆಯೇ ಇದು. ಇದರ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರಮವಾಗಿ ಗಟ್ಟಿಯಾಗುವುದು. ಕೊಬ್ಬರಿಯೆಣ್ಣೆ, ಕಡಲೆಕಾಯಿಯೆಣ್ಣೆಗಳಿಗೆ ಈ ಗುಣವಿಲ್ಲ. ಅವನ್ನು ಸವರಿದರೆ ಎರಡು ದಿನ ಹೊಳಪು, ಆಮೇಲೆ ಜಿಡ್ಡು, ಆ ಜಿಡ್ಡಿಗೆ ಧೂಳು. ಅಗಸೆಯೆಣ್ಣೆಯನ್ನು ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಮರ ಹೀರದೆ ಉಳಿದುದನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ದಪ್ಪವಾಗಿ ಬಳಿದರೆ ತಿಂಗಳಾದರೂ ಅಂಟಂಟಾಗಿಯೇ ಇರುವುದು. ಇದು ಮರದ ಬಣ್ಣವನ್ನು ವರ್ಷದಿಂದ ವರ್ಷಕ್ಕೆ ಗಾಢಗೊಳಿಸುವುದು; ನೀರನ್ನು ತಡೆಯುವ ಶಕ್ತಿ ಇದಕ್ಕೆ ಅಲ್ಪ; ಮಲೆನಾಡಿನಂತಹ ತೇವದ ಸೀಮೆಗಳಲ್ಲಿ ಇದರ ಮೇಲೆ ಬೂಷ್ಟು ಹಿಡಿಯುವುದೂ ಉಂಟು. ಇಷ್ಟು ದೋಷಗಳಿದ್ದರೂ ಒಂದು ಮಹಾಗುಣವಿದೆ. ಇದು ಸುಲಿಯುವುದಿಲ್ಲ, ಮಂಕಾದಾಗ ಮನೆಯವರೇ ಒಂದು ಚಿಂದಿಬಟ್ಟೆಯಿಂದ ಮತ್ತೊಮ್ಮೆ ಸವರಬಹುದು.

ಪೊರೆಗಟ್ಟುವ ಲೇಪಗಳಲ್ಲಿ ನಮ್ಮ ದೇಶದ ಹಿರಿಯ ವಸ್ತುವು ಅರಗು. ಸಂಸ್ಕೃತದಲ್ಲಿ ಇದಕ್ಕೆ ಲಾಕ್ಷಾ ಎಂದೂ ಜತು ಎಂದೂ ಹೆಸರು. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟಗಳು ಸ್ರವಿಸುವ ರಾಳವಿದು. ಪಾಂಡವರನ್ನು ಸುಡಲೆಂದು ವಾರಣಾವತದಲ್ಲಿ ಕಟ್ಟಿಸಿದ ಮನೆಯ ಕಥೆಯನ್ನು ಬಲ್ಲವರಿಗೆ, ಅರಗು ಬೆಂಕಿಗೆ ಎಷ್ಟು ಬೇಗ ವಶವಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಚನ್ನಪಟ್ಟಣದ ಕುಶಲಿಗಳು ಆಲೆಮರದ ಆಟಿಕೆಯನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಕೇದಗೆಯ ಜಾತಿಯ ಎಲೆಯಿಂದ ಉಜ್ಜಿ ಹೊಳಪನ್ನು ತರುವರು. 1937ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದು ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಮಸಿಯನ್ನು ತಯಾರಿಸುತ್ತಿರುವುದು.

ಶುದ್ಧಮಾಡಿದ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಮಾಡಿದ ಉಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಉಜ್ಜುವುದೇ ಹಳೆಯ ಕಾಲದ ಪಾಲಿಷ್. ಇದು ಬೇಗನೆ ಒಣಗುವುದು. ಮರದ ಬಣ್ಣವನ್ನೂ ಎಳೆಯ ಚೆಲುವನ್ನೂ ಎತ್ತಿ ತೋರಿಸುವುದು. ಹೊಸ ಪೂಸು ಹಳೆಯದರಲ್ಲಿ ಕರಗಿ ಒಂದಾಗುವುದರಿಂದ ಗೀರುಗಳನ್ನು ಮುಚ್ಚುವುದು ಸುಲಭ. ಆದರೆ ಬಿಸಿ ಪಾತ್ರೆಯನ್ನಿಟ್ಟರೆ ಮೆತ್ತಗಾಗುವುದು, ನೀರು ನಿಂತರೆ ಬೆಳ್ಳಗಾಗುವುದು. ಕರಗಿಸಿಟ್ಟ ದ್ರಾವಣವು ಹಳತಾದಂತೆ ಒಣಗುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಬೇಕಾದಾಗ ಬೇಕಾದಷ್ಟನ್ನೇ ಕಲಸಬೇಕು.

ವಾರ್ನಿಷ್, ಮೆಲಮೈನ್, ಪಾಲಿಯುರಿಥೇನ್ ಎಂಬುವು ಗಟ್ಟಿ ಪೊರೆಯವು. ಇವುಗಳಲ್ಲಿ ಪಾಲಿಯುರಿಥೇನ್ ನೀರನ್ನೂ ಬಿಸಿಯನ್ನೂ ಉಜ್ಜಾಟವನ್ನೂ ಚೆನ್ನಾಗಿ ತಾಳುವುದು. ಊಟದ ಮೇಜಿಗೂ ಮಕ್ಕಳು ಬರೆಯುವ ಮೇಜಿಗೂ ಇದಕ್ಕಿಂತ ಅನುಕೂಲವಾದುದು ಇಂದು ದುರ್ಲಭ. ಆದರೆ ಗಟ್ಟಿಯಾದುದು ಒಮ್ಮೆ ಕೆಟ್ಟರೆ ಸರಿಮಾಡುವುದು ಕಷ್ಟ. ತೇಪೆ ಹಾಕಿದುದು ಎದ್ದು ಕಾಣುವುದು. ಇಡೀ ಮೈಯನ್ನು ಉಜ್ಜಿ ತೆಗೆದು ಮೊದಲಿನಿಂದ ತೊಡಗಬೇಕಾಗುವುದು.

ಇನ್ನು ಪಾತ್ರದ ವಿಚಾರ. ತೇಗಕ್ಕೂ ಬೀಟೆಗೂ ಹುಟ್ಟಿನಿಂದಲೇ ಎಣ್ಣೆಯ ಅಂಶವುಂಟು. ಇದರಿಂದ ವಾರ್ನಿಷ್ ಒಣಗಲು ತಡವಾಗುವುದು, ಕೆಲವೊಮ್ಮೆ ಹಿಡಿಯದೆಯೇ ಹೋಗುವುದು. ಲೇಪಕ್ಕೆ ಸ್ವಲ್ಪ ಮುಂಚೆ ಮೈಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅರಗಿನ ಒಂದು ತೆಳು ಪೂಸನ್ನು ಕೆಳಗೆ ಕೊಟ್ಟರೆ ಈ ತೊಡಕು ನೀಗುವುದು. ಹಳೆಯ ಕಾಲದ ಬೀಟೆಯ ಪೆಟ್ಟಿಗೆಯೋ ತೇಗದ ಬೀರುವೋ ಮನೆಯಲ್ಲಿದ್ದರೆ ಅದನ್ನು ಉಜ್ಜಿ ಸುಲಿಯಲು ಆತುರಪಡಬಾರದು. ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ಟನ್ನು ಮುಟ್ಟಿಸಿ ನೋಡಿರಿ. ಮೈ ಅಂಟಾದರೆ ಅದು ಅರಗು. ಧೂಳನ್ನು ತೆಗೆದು ಮೇಲೆ ಇನ್ನೊಂದು ಪೂಸು ಕೊಟ್ಟರೆ ಸಾಕು.

ಲಟ್ಟಣಿಗೆ, ಚಪಾತಿಮಣೆ, ಕಡೆಗೋಲು, ಸೌಟುಗಳಿಗೆ ಪೊರೆಯ ಲೇಪ ಸಲ್ಲದು. ಉಜ್ಜಾಟಕ್ಕೆ ಸಿಕ್ಕಿ ಎದ್ದ ಪೊರೆಯು ಹಿಟ್ಟಿಗೆ ಸೇರುವುದು. ಅವನ್ನು ತೊಳೆದು ನೆರಳಿನಲ್ಲಿ ಚೆನ್ನಾಗಿ ಒಣಗಿಸುವುದೇ ಮೊದಲ ರಕ್ಷಣೆ. ಎಣ್ಣೆ ಬೇಕೆಂದರೆ ತಿನ್ನುವ ಅಗಸೆಯೆಣ್ಣೆಯನ್ನೇ ತೆಳುವಾಗಿ ಸವರಿ, ಪೂರ್ತಿಯಾಗಿ ಒಣಗಲು ಎರಡು ಮೂರು ವಾರ ಬಿಡಬೇಕು. ಬಣ್ಣದಂಗಡಿಯಲ್ಲಿ ಕಾಯಿಸಿದ ಅಗಸೆಯೆಣ್ಣೆಯೆಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವುದುಂಟು. ಅದು ಅಡುಗೆಯ ಸಾಮಾನಿಗೆ ತಕ್ಕುದಲ್ಲ.

ತೊಟ್ಟಿಲಿನ ಮಾತನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. ಹಲ್ಲು ಬರುವ ಕೂಸು ತೊಟ್ಟಿಲಿನ ಅಂಚನ್ನು ಕಚ್ಚದೆ ಬಿಡದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು 2016ರಲ್ಲಿ ಹೊರಟು, 2017ನೆಯ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣವೆಲ್ಲ ಸಂಶಯಕ್ಕೆ ಪಾತ್ರವೇ. ಸೀಸವು ಅಲ್ಪವಾದರೂ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುವುದೆಂದು ವೈದ್ಯರ ನಿಶ್ಚಯ. ಅಜ್ಜಿಯ ಕಾಲದ ಬಣ್ಣದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಮೊಮ್ಮಗುವನ್ನು ಮಲಗಿಸುವ ಆಸೆ ಸಹಜವಾದುದೇ. ಆದರೂ ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿರಿ. ಆ ಧೂಳೇ ಹೆಚ್ಚು ಅಪಾಯ. ತಿಳಿದವರಿಂದ, ಮಕ್ಕಳಿಲ್ಲದ ಎಡೆಯಲ್ಲಿ, ಒದ್ದೆಮಾಡಿ ತೆಗೆಯಿಸಿ. ಅಥವಾ ತೊಟ್ಟಿಲನ್ನು ನೆನಪಿಗಾಗಿ ಇಟ್ಟುಕೊಂಡು ಮಗುವಿಗೆ ಬೇರೊಂದನ್ನು ಮಾಡಿಸಿ. ಹೊಸ ತೊಟ್ಟಿಲಿಗೆ ಬಣ್ಣವಿಲ್ಲದ ಶುದ್ಧ ಅರಗಿನ ಪೂಸು ಉತ್ತಮ; ಔಷಧದ ಗುಳಿಗೆಗಳಿಗೂ ಮಿಠಾಯಿಗಳಿಗೂ ಮೇಲುಹೊದಿಕೆಯಾಗಿ ಬಳಸುವುದು ಇದನ್ನೇ.

ದೇಶದ ವಿಚಾರದಲ್ಲಿ ದೊಡ್ಡ ಶತ್ರುವೆಂದರೆ ಬಿಸಿಲು. ನೀರೇ ಶತ್ರುವೆಂದು ಬಹುಮಂದಿಯ ಎಣಿಕೆ. ಪಾರದರ್ಶಕವಾದ ಪೊರೆಯೊಳಗಿನಿಂದ ಹಾದುಹೋಗುವ ಸೂರ್ಯಕಿರಣವು ಮರದ ಮೇಲ್ಪದರದಲ್ಲಿ ಎಳೆಗಳನ್ನು ಬಂಧಿಸಿರುವ ದ್ರವ್ಯವನ್ನೇ ಕೆಡಿಸುವುದು. ಹಿಡಿದುಕೊಳ್ಳಲು ಆಸರೆಯಿಲ್ಲದ ಪೊರೆ ಕಳಚುವುದು. ನಮ್ಮ ಬೀದಿಯ ಗೃಹಸ್ಥರೊಬ್ಬರು ಪಶ್ಚಿಮಕ್ಕೆ ಮುಖಮಾಡಿದ ತೇಗದ ತಲೆಬಾಗಿಲಿಗೆ ಬೆಲೆಬಾಳುವ ಹೊಳಪಿನ ಲೇಪವನ್ನು ಕೊಡಿಸಿದರು; ಮೂರನೆಯ ವರ್ಷಕ್ಕೆ ಅದು ಚಕ್ಕೆ ಚಕ್ಕೆಯಾಗಿ ಉದುರಿತು. ಅದೇ ಬೀದಿಯ ಕೊನೆಯಲ್ಲಿ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತ ಬಂದ ಮುದುಕ ಬಾಗಿಲೊಂದು ಇಂದಿಗೂ ಗಟ್ಟಿಯಾಗಿದೆ. ಕಾರಣ ಸ್ಪಷ್ಟ: ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಭಸ್ಮವು ಬಿಸಿಲಿಗೆ ಅಡ್ಡ ನಿಲ್ಲುವುದು. ಆದುದರಿಂದ ಬಿಸಿಲು ಮಳೆ ಬೀಳುವ ಕಿಟಕಿ ಬಾಗಿಲುಗಳಿಗೆ ಬಣ್ಣವೇ ಶ್ರೇಷ್ಠ ರಕ್ಷೆ. ಮರದ ಎಳೆ ಕಾಣಲೇಬೇಕೆಂದರೆ, ಬಿಸಿಲನ್ನು ತಡೆಯುವ ದ್ರವ್ಯ ಬೆರೆತ, ಮರದೊಡನೆ ಹಿಗ್ಗಿ ಕುಗ್ಗುವ ಹೊರಬಳಕೆಯ ವಾರ್ನಿಷನ್ನು ಕೇಳಿ ತರಬೇಕು, ಮತ್ತು ಅದನ್ನು ಸುಲಿಯುವ ಮೊದಲೇ ಹೊಸದು ಮಾಡಬೇಕು.

ಕರಾವಳಿಯಲ್ಲಿ ಮಾಡಿನ ಮರಗಳಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪೆಣ್ಣೆಯನ್ನು ಬಳಿಯುವ ರೂಢಿಯುಂಟು. ಅದು ಕೈಗೆ ತಗುಲಿದರೆ ಬೊಬ್ಬೆಯೇಳುವುದು. ಕೈಗೆಟುಕದ ಜಂತಿಗೆ ಸಲ್ಲುವ ಈ ಎಣ್ಣೆ ಮಂಚಕ್ಕಾಗಲಿ ಮೇಜಿಗಾಗಲಿ ಸಲ್ಲದು. ಇನ್ನು ಹೊಸ್ತಿಲು. ದಿನವೂ ನೀರಿನಿಂದ ಒರೆಸಿ ಅರಿಸಿನ ಕುಂಕುಮಗಳನ್ನಿಡುವ, ಮನೆಯವರೆಲ್ಲ ದಾಟುವ ಹೊಸ್ತಿಲಿನ ಮೇಲೆ ಯಾವ ಪೊರೆಯೂ ಬಹುಕಾಲ ನಿಲ್ಲದು. ಅಲ್ಲಿ ಎಣ್ಣೆಯನ್ನು ಸವರುತ್ತ ಬರುವುದೇ ಲೇಸು.

ಕಾಲದ ವಿಚಾರ ಸುಲಭ. ಗಾಳಿಯಲ್ಲಿ ತೇವ ತುಂಬಿದ ಮಳೆಗಾಲದಲ್ಲಿ ಯಾವ ಲೇಪವನ್ನೂ ಕೊಡಿಸಬಾರದು. ಅರಗು ಬಿಳಿಚುವುದು, ಎಣ್ಣೆ ಒಣಗದು, ಮರದೊಳಗಿನ ತೇವ ಸೆರೆಯಾಗುವುದು. ನಮ್ಮ ಸೀಮೆಯಲ್ಲಿ ಪುಷ್ಯದಿಂದ ಫಾಲ್ಗುಣದವರೆಗಿನ ಒಣದಿನಗಳು ಪ್ರಶಸ್ತ. ಯುಗಾದಿಗೆ ಸುಣ್ಣ ಬಳಿಯುವ ಮನೆಗಳು ಅದೇ ವಾರ ಹೊಸ್ತಿಲಿಗೂ ತೂಗುಮಣೆಗೂ ಎಣ್ಣೆ ಸವರುವ ಪದ್ಧತಿಯನ್ನಿಟ್ಟುಕೊಂಡರೆ ಮರೆವಿಗೆ ಎಡೆಯಿಲ್ಲ. ಲೇಪಕ್ಕೆ ಮೊದಲು 120, 180, 220 ನಂಬರಿನ ಮರಳುಕಾಗದಗಳಿಂದ ಕ್ರಮವಾಗಿ, ಎಳೆಯ ದಿಕ್ಕಿನಲ್ಲಿಯೇ ಉಜ್ಜಿ, ಧೂಳನ್ನು ಒರೆಸತಕ್ಕುದು. ಅದೇ ಮರದ ತುಂಡೊಂದರ ಮೇಲೆ ಪರೀಕ್ಷೆ ಮಾಡದೆ ಮುಂದುವರಿಯಬಾರದು.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾರೆವು. ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಕಾವು ಹೊರಹೋಗಲು ದಾರಿಯಿಲ್ಲದೆ ಕೆಲವೇ ಗಂಟೆಗಳಲ್ಲಿ ಬಟ್ಟೆಯು ತಾನಾಗಿ ಹೊತ್ತಿಕೊಳ್ಳಬಹುದು. ಯಾರೂ ಕಡ್ಡಿ ಗೀರಬೇಕಾಗಿಲ್ಲ. ಅದನ್ನು ನೀರಿನಲ್ಲಿ ನೆನೆಸಬೇಕು, ಇಲ್ಲವೆ ಮನೆಯ ಹೊರಗೆ ಬಿಡಿಸಿ ಹರವಿ ಒಣಗಿಸಬೇಕು. ಎರಡನೆಯದು: ಪಾಲಿಷಿನ ಸ್ಪಿರಿಟ್ಟು ವಿಷ, ಅದರ ಆವಿ ಬೆಂಕಿಗೆ ಆಹಾರ, ಮೆಲಮೈನ್, ಪಾಲಿಯುರಿಥೇನ್‌ಗಳ ಹಸಿವಾಸನೆಯೂ ಉಸಿರಿಗೆ ಕೇಡು. ದೀಪ ಒಲೆಗಳನ್ನು ಆರಿಸಿ, ಕಿಟಕಿಗಳನ್ನು ತೆರೆದು, ಗರ್ಭಿಣಿಯರನ್ನೂ ಮಕ್ಕಳನ್ನೂ ಉಬ್ಬಸದವರನ್ನೂ ವಾಸನೆ ಹೋಗುವವರೆಗೆ ಬೇರೆಡೆ ಇರಿಸುವುದು ಗೃಹಸ್ಥನ ಕರ್ತವ್ಯ.

ಒಟ್ಟಿನಲ್ಲಿ ಲೇಪವೆಂಬುದು ಸವೆಯುವುದಕ್ಕಾಗಿಯೇ ಇರುವ ವಸ್ತು. ಮರಕ್ಕೆ ಬರುವ ಸವೆತವನ್ನು ತಾನು ಹೊರುವುದೇ ಅದರ ಧರ್ಮ. ಆದುದರಿಂದ ಅಂಗಡಿಯಲ್ಲಿ "ಎಷ್ಟು ಹೊಳೆಯುವುದು?" ಎಂದು ಕೇಳುವುದಕ್ಕಿಂತ, "ಸವೆದಾಗ ಇದನ್ನು ಹೊಸದು ಮಾಡುವುದು ಹೇಗೆ? ನಮ್ಮ ಮನೆಯವರಿಂದ ಆದೀತೆ?" ಎಂದು ಕೇಳುವುದು ಬುದ್ಧಿವಂತಿಕೆ. ವರ್ಷಕ್ಕೊಮ್ಮೆ ಅರ್ಧ ದಿನದ ಆರೈಕೆಯನ್ನು ಪಡೆದ ಮರ ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು. ಗೆದ್ದಲು ಮಾತ್ರ ಯಾವ ಹೊಳಪಿಗೂ ಅಂಜುವ ಪ್ರಾಣಿಯಲ್ಲ. ಅದರ ವಿಚಾರವನ್ನು ಮುಂದಿನ ತಿಂಗಳು ಬರೆಯುವೆವು.