ಮೂರು ಕುರ್ಚಿ, ಮೂರು ಲೆಕ್ಕ

ಮಕ್ಕಳೇ, ಮೊನ್ನೆ ಮೊಮ್ಮಗನ ಜೊತೆ ಹಳೆಯ ಬಾಕ್ಸಿಂಗ್ ಪಂದ್ಯ ನೋಡಿದೆ. 1987ರ ಏಪ್ರಿಲ್ 6, ಅಮೆರಿಕದ ಲಾಸ್ ವೇಗಸ್. ಮಾರ್ವಿನ್ ಹ್ಯಾಗ್ಲರ್ ಎದುರು ಶುಗರ್ ರೇ ಲೆನಾರ್ಡ್. 12 ಸುತ್ತು ಮುಗಿದರೂ ಇಬ್ಬರೂ ನಿಂತೇ ಇದ್ದರು. ಗೆದ್ದವರು ಲೆನಾರ್ಡ್ ಎಂದು ಸಾರಿದಾಗ, "ಮೋಸ ತಾತಾ!" ಎಂದು ಹುಡುಗ ಮುಖ ಊದಿಸಿದ.

ನಾನು ಕಾಗದ, ಪೆನ್ಸಿಲ್ ತಂದೆ. ರಿಂಗಿನ ಮೂರು ಬದಿಯಲ್ಲಿ ಮೂವರು ತೀರ್ಪುಗಾರರು ಕೂರುತ್ತಾರೆ. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಏಟಿಗೆ ಒಮ್ಮೆ ನೆಲಕ್ಕೆ ಬಿದ್ದರೆ ಹೆಚ್ಚಾಗಿ 8. ಅವರು ನೋಡುವುದು ನಾಲ್ಕು: ಸರಿಯಾಗಿ ತಾಗಿದ ಗುದ್ದು, ಫಲ ಕೊಟ್ಟ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ.

ಅಂದು ಒಬ್ಬರು ಹ್ಯಾಗ್ಲರ್‌ಗೆ 115-113 ಕೊಟ್ಟರು. ಏಳು ಹತ್ತಲೆ 70, ಐದು ಒಂಬತ್ತಲೆ 45. ಅಂದರೆ ಏಳು ಸುತ್ತು ಗೆಲುವು. ಇನ್ನೊಬ್ಬರು ಅಷ್ಟನ್ನೇ ಲೆನಾರ್ಡ್‌ಗೆ ಕೊಟ್ಟರು. ಮೂರನೆಯವರು ಲೆನಾರ್ಡ್‌ಗೆ 118-110, ಹತ್ತು ಸುತ್ತು! ಹ್ಯಾಗ್ಲರ್ ಮತ್ತೆಂದೂ ಪಂದ್ಯ ಆಡಲಿಲ್ಲ.

ಎರಡನೇ ಸಲ ನಾವಿಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಅಂಕ ಬರೆದೆವು. ನನ್ನ ಚೀಟಿಯಲ್ಲಿ ಹ್ಯಾಗ್ಲರ್ ಗೆದ್ದಿದ್ದರು. ಹುಡುಗ ತನ್ನದನ್ನು ಮೂರು ಸಲ ಕೂಡಿ, ಮೆಲ್ಲಗೆ ಹೇಳಿದ: "ತಾತಾ, ನನ್ನದರಲ್ಲಿ ಲೆನಾರ್ಡ್."